ಬಸವನಹುಳುವಿನ ಕಾರ್ಡ್ ಕೊಂಡವರೇ, ಬದಲಿಗೆ ನಿಮ್ಮದೊಂದು ಕೊಡಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆಯ ಕೊನೆಯಲ್ಲಿ ನಮ್ಮ ಕಡೆ ಒಂದು ಮೇಳ ನಡೆಯಿತು. ಅದರ ಸುದ್ದಿ ಕಳೆದ ವಾರ ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಬಂದಿತ್ತು. ಮಕ್ಕಳು ಬಿಡಿಸಿದ ಪುಟ್ಟ ಚಿತ್ರದ ಕಾರ್ಡ್‌ಗಳಿಗೆ ಭರ್ಜರಿ ಮಾರಾಟ ಅಂತ ತಲೆಬರಹ ಇತ್ತು. ಸುದ್ದಿ ಸುಳ್ಳಲ್ಲ. ಮಾರಾಟ ಆಗಿದ್ದು ನಿಜ, ನಾನೂ ಅಲ್ಲೇ ಇದ್ದೆ. ಆದರೆ ಅವು ಮಾರುವುದಕ್ಕೆ ಮಾಡಿದ ಕಾರ್ಡ್‌ಗಳಲ್ಲ, ಒಬ್ಬರಿಗೊಬ್ಬರು ಬದಲಾಯಿಸಿಕೊಳ್ಳುವುದಕ್ಕೆ ಮಾಡಿದವು. ಆವತ್ತು ಮಾರಿಹೋದ ಒಂದು ಕಾರ್ಡ್ ಯಾರ ಮನೆಯಲ್ಲಿದೆ ಅಂತ ಹುಡುಕುವುದಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು. ದಯವಿಟ್ಟು ಜಾಗ ಕೊಡಿ.

ಗೋಣಿಕೊಪ್ಪಲಿನಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಅಪ್ಪ ಶುರು ಮಾಡಿದ್ದು. ಮದುವೆ ಕಾಗದ, ಬಿಲ್ ಬುಕ್, ದೇವಸ್ಥಾನದ ರಸೀದಿ, ಹಾಕಿ ಪಂದ್ಯದ ಕರಪತ್ರ, ಇವೇ ನಮ್ಮ ಕೆಲಸ. ಈಗ ಜಾಸ್ತಿ ಜನ ಆಫ್‌ಸೆಟ್‌ಗೆ ಹೋಗುತ್ತಾರೆ. ಎಷ್ಟೋ ಮದುವೆ ಕಾಗದ ಮೊಬೈಲಿನಲ್ಲೇ ಬಂದುಬಿಡುತ್ತದೆ. ಆದರೂ ಅಚ್ಚುಮೊಳೆ ಜೋಡಿಸಿ ಒತ್ತುವ ಅಪ್ಪನ ಹಳೆಯ ಟ್ರೆಡಲ್ ಮೆಷಿನ್ ಇನ್ನೂ ಓಡುತ್ತಿದೆ.

ಮದುವೆ ಕಾಗದದ ಬೋರ್ಡ್ ಕತ್ತರಿಸುವಾಗ ಅಂಚಿನಲ್ಲಿ ಮೂರಿಂಚಿನ ಪಟ್ಟಿ ಉಳಿಯುತ್ತದೆ. ಒಳ್ಳೆ ದಪ್ಪ ಬೋರ್ಡ್, ಕೆನೆ ಬಣ್ಣ. ಎಷ್ಟೋ ವರ್ಷ ಅದನ್ನು ಕೆಜಿ ಲೆಕ್ಕದಲ್ಲಿ ಗುಜರಿಗೆ ಹಾಕಿದ್ದೇನೆ. ನಾಲ್ಕು ವರ್ಷದ ಹಿಂದೆ ದಸರಾ ರಜೆಗೆ ತಂಗಿಯ ಮಗಳು ಬಂದಳು. ಮೈಸೂರಿನಲ್ಲಿ ಚಿತ್ರಕಲೆ ಓದುತ್ತಿದ್ದಳು. ಆ ಪಟ್ಟಿ ಎತ್ತಿಕೊಂಡು, "ಮಾವ, ಇದನ್ನೆಲ್ಲಾ ಎಸೀತೀರಾ?" ಅಂದಳು. ಆಮೇಲೆ ಚೀಲದಿಂದ ಒಂದು ಪ್ಲಾಸ್ಟಿಕ್ ಹಾಳೆ ತೆಗೆದಳು. ಅದರಲ್ಲಿ ಒಂಬತ್ತು ಕಿಸೆ. ಒಂದೊಂದು ಕಿಸೆಯಲ್ಲಿ ಒಂದೊಂದು ಚಿತ್ರ, ಇಸ್ಪೀಟ್ ಎಲೆಯಷ್ಟು ದೊಡ್ಡದು. ಒಂದರಲ್ಲಿ ಕೆಂಪು ಇರುವೆ. ಒಂದರಲ್ಲಿ ಹರಿದ ಬಸ್ ಟಿಕೆಟ್‌ಗಳನ್ನು ಅಂಟಿಸಿ ಮಾಡಿದ ಗುಡ್ಡ. ಇನ್ನೊಂದರಲ್ಲಿ ಸುಮ್ನೆ ನೀಲಿ ಬಣ್ಣ, ಮೂಲೆಯಲ್ಲಿ ಒಂದು ಕಾಗೆ.

ಕಾಗೆಯ ಕಾರ್ಡ್ ತೆಗೆದು ನನ್ನ ಕೈಗಿಟ್ಟಳು. "ಇದು ನಿಮಗೆ. ಬದಲಿಗೆ ನಿಮ್ಮದೊಂದು ಕೊಡಿ."

"ನನಗೆ ಚಿತ್ರ ಬರೆಯೋಕೆ ಬರಲ್ಲ ಕಣೇ."

"ಬರೋದನ್ನೇ ಮಾಡಿ ಮಾವ."

ಅಪ್ಪನ ಕಾಲದ ಬ್ಲಾಕುಗಳ ಪೆಟ್ಟಿಗೆಯಲ್ಲಿ ಒಂದು ನವಿಲಿನ ಬ್ಲಾಕ್ ಇತ್ತು. ಅದಕ್ಕೆ ಹಸಿರು ಮಸಿ ಹಚ್ಚಿ, ಗರಿಯ ಅರ್ಧ ಮಾತ್ರ ಮೂಡುವ ಹಾಗೆ ಒತ್ತಿದೆ. ಉಳಿದ ಅರ್ಧವನ್ನು ಅಚ್ಚುಮೊಳೆಗಳಿಂದ ತುಂಬಿದೆ. ಬರೀ ಅಲ್ಪವಿರಾಮಗಳು, ಒಂದರ ಪಕ್ಕ ಒಂದು. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಕಾಗೆ ಇದ್ದ ಕಿಸೆಗೇ ಹಾಕಿಕೊಂಡಳು. ನಲವತ್ತು ವರ್ಷದಿಂದ ಸಾವಿರಾರು ಮದುವೆ ಕಾಗದ ಅಚ್ಚು ಹಾಕಿದ್ದೇನೆ. ನಾನು ಮಾಡಿದ್ದನ್ನು ಒಬ್ಬರು ಹಾಗೆ ಜೋಪಾನ ಮಾಡಿದ್ದನ್ನು ನೋಡಿದ್ದು ಅದೇ ಮೊದಲು.

ಇದಕ್ಕೆ ಆರ್ಟಿಸ್ಟ್ ಟ್ರೇಡಿಂಗ್ ಕಾರ್ಡ್ ಅನ್ನುತ್ತಾರೆ. ನಾವು ನಮ್ಮಲ್ಲಿ ಸುಮ್ನೆ ಬದಲಿ ಕಾರ್ಡ್ ಅನ್ನುತ್ತೇವೆ. ಅಗಲ ಎರಡೂವರೆ ಇಂಚು, ಉದ್ದ ಮೂರೂವರೆ ಇಂಚು. ಈ ಅಳತೆ ಮೀರುವ ಹಾಗಿಲ್ಲ. ಅದರೊಳಗೆ ಏನು ಬೇಕಾದರೂ ಮಾಡಬಹುದು. ಬಣ್ಣ, ಪೆನ್ಸಿಲ್, ದಾರ, ಅಂಟಿಸಿದ ಎಲೆ, ಅಚ್ಚು, ಎಲ್ಲಾ ನಡೆಯುತ್ತದೆ. ಹಿಂಬದಿಯಲ್ಲಿ ಮಾಡಿದವರ ಹೆಸರು, ಊರು, ತಾರೀಖು ಬರೆಯಬೇಕು. ಒಂದೇ ಕಾರ್ಡ್ ಆದರೆ ಒಂದೇ ಅಂತ, ಹತ್ತು ಅಚ್ಚು ಹಾಕಿದ್ದರೆ ಹತ್ತರಲ್ಲಿ ಎಷ್ಟನೆಯದು ಅಂತ ಗುರುತು ಹಾಕಬೇಕು. ನಾನು ಬಿಲ್ ಬುಕ್‌ಗೆ ಬಳಸುವ ನಂಬರಿಂಗ್ ಮೆಷಿನ್‌ನಿಂದಲೇ ನನ್ನ ಕಾರ್ಡ್‌ಗಳಿಗೆ ನಂಬರ್ ಒತ್ತುತ್ತೇನೆ. ಇನ್ನು ಮುಖ್ಯ ಮಾತು ಒಂದೇ. ಇದನ್ನು ಮಾರುವ ಹಾಗಿಲ್ಲ. ನನ್ನದು ನಿಮಗೆ, ನಿಮ್ಮದು ನನಗೆ.

ಈ ಕಟ್ಟಳೆ ನಾನು ಮಾಡಿದ್ದಲ್ಲ. 1997ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ವಾಂಚಿ ಸ್ಟಿರ್ನೆಮಾನ್ ಎಂಬ ಕಲಾವಿದ ಇದನ್ನು ಶುರು ಮಾಡಿದರು. ಕೈಯಲ್ಲೇ 1,200 ಕಾರ್ಡ್ ಮಾಡಿ ಪ್ರದರ್ಶನಕ್ಕಿಟ್ಟರು. ಪ್ರದರ್ಶನದ ಕೊನೆಯ ದಿನ ಬಂದವರನ್ನೆಲ್ಲಾ ಕರೆದು, ನೀವೂ ಇದೇ ಅಳತೆಯಲ್ಲಿ ಒಂದು ಮಾಡಿ ತನ್ನಿ, ನನ್ನದರ ಜೊತೆ ಬದಲಾಯಿಸಿಕೊಳ್ಳೋಣ ಅಂದರು. ಬಂದವರು ಚಿತ್ರಗಾರರೇ ಆಗಬೇಕು ಅಂತ ಏನೂ ಇರಲಿಲ್ಲ. ಜ್ಯೂರಿಕ್‌ನಲ್ಲಿ ಹೀಗೆ ಕೂತು ಕಾರ್ಡ್ ಬದಲಾಯಿಸುವ ಬೈಠಕ್ಕನ್ನು ನೋಡಿದ ಡಾನ್ ಮೇಬಿ ಎಂಬ ಕೆನಡಾದ ಕಲಾವಿದರು ಅದೇ ವರ್ಷ ತಮ್ಮ ಊರು ಕ್ಯಾಲ್ಗರಿಯಲ್ಲೂ ಬೈಠಕ್ ಶುರು ಮಾಡಿದರು. ಅಲ್ಲಿಂದ ಊರಿಂದ ಊರಿಗೆ ಹಬ್ಬಿತು. ದೂರದವರು ಅಂಚೆಯಲ್ಲಿ ಬದಲಾಯಿಸಿಕೊಳ್ಳತೊಡಗಿದರು. ಆದರೆ ಎದುರುಬದುರು ಕೂತು, ಮಾಡಿದವರ ಮುಖ ನೋಡಿ ಕಾರ್ಡ್ ಬದಲಾಯಿಸುವುದೇ ಇದರ ಮೂಲ ಪದ್ಧತಿ.

ಆ ಅಳತೆ ಎಲ್ಲಿಂದ ಬಂತು ಎಂಬುದು ಪ್ರೆಸ್ಸಿನವನಾದ ನನಗೆ ಬಹಳ ಹಿಡಿಸಿದ ವಿಷಯ. ಹತ್ತೊಂಬತ್ತನೇ ಶತಮಾನದ ಕೊನೆಗೆ ಅಮೆರಿಕದಲ್ಲಿ ಸಿಗರೇಟ್ ಪ್ಯಾಕಿನೊಳಗೆ ಒಂದು ರಟ್ಟು ಇಡುತ್ತಿದ್ದರು, ಪ್ಯಾಕ್ ನಜ್ಜುಗುಜ್ಜಾಗಬಾರದು ಅಂತ. ಆ ರಟ್ಟಿನ ಮೇಲೆ ನಟಿಯರು, ಆಟಗಾರರ ಚಿತ್ರ ಅಚ್ಚು ಹಾಕಿದರು. ಜನ ಸಿಗರೇಟ್ ಸೇದಿ ಮುಗಿಸಿ ರಟ್ಟನ್ನು ಕೂಡಿಡತೊಡಗಿದರು. ಆಮೇಲೆ ಬೇಸ್‌ಬಾಲ್ ಆಟಗಾರರ ಕಾರ್ಡ್ ಚೂಯಿಂಗ್ ಗಮ್ ಜೊತೆ ಬಂತು. 1957ರಲ್ಲಿ ಟಾಪ್ಸ್ ಎಂಬ ಕಂಪನಿ ತನ್ನ ಕಾರ್ಡಿನ ಅಳತೆಯನ್ನು ಎರಡೂವರೆ, ಮೂರೂವರೆ ಇಂಚಿಗೆ ಇಳಿಸಿತು. ಪೋಕರ್ ಆಡುವ ಇಸ್ಪೀಟ್ ಎಲೆಯ ಅಳತೆಯೂ ಅದೇ. ತಂಗಿಯ ಮಗಳು ತಂದಿದ್ದ ಒಂಬತ್ತು ಕಿಸೆಯ ಹಾಳೆ ಕೂಡ ಆ ಆಟಗಾರರ ಕಾರ್ಡ್ ಇಡುವುದಕ್ಕೆ ಅಂತಲೇ ಬಂದದ್ದು.

ಆ ಆಟಗಾರರ ಕಾರ್ಡ್‌ಗಳು ಕೊನೆಗೆ ಎಲ್ಲಿಗೆ ಹೋದವು ನೋಡಿ. ಹೋನಸ್ ವ್ಯಾಗ್ನರ್ ಎಂಬ ಬೇಸ್‌ಬಾಲ್ ಆಟಗಾರನ ಚಿತ್ರವಿದ್ದ, ನೂರು ವರ್ಷಕ್ಕೂ ಹಳೆಯ ಒಂದು ಸಿಗರೇಟ್ ಕಾರ್ಡ್ 2022ರಲ್ಲಿ 72.5 ಲಕ್ಷ ಡಾಲರ್‌ಗೆ ಮಾರಾಟ ಆಯಿತು. ಸಿಗರೇಟ್ ಪ್ಯಾಕಿನ ರಟ್ಟು! ಸ್ಟಿರ್ನೆಮಾನ್ ಆ ಕಾರ್ಡ್‌ಗಳಿಂದ ಅಳತೆಯನ್ನು ಮಾತ್ರ ತೆಗೆದುಕೊಂಡರು. ದುಡ್ಡನ್ನು ಆಚೆ ಬಿಟ್ಟರು. ನನಗೆ ಆ ಮನುಷ್ಯನ ಮೇಲೆ ಗೌರವ ಇರುವುದು ಇದಕ್ಕೇ.

ಇದೆಲ್ಲಾ ವಿದೇಶದ್ದು, ನಮಗೇಕೆ ಅಂತ ಮೇಳದಲ್ಲಿ ಒಬ್ಬರು ಕೇಳಿದರು. ಅಂಗೈಯಗಲದ ಎಲೆಯ ಮೇಲೆ ಚಿತ್ರ ಬರೆಯುವುದು ನಮಗೆ ಹೊಸದೇನಲ್ಲ. ಮೈಸೂರಿನಲ್ಲಿ ಗಂಜೀಫಾ ಎಂಬ ಇಸ್ಪೀಟಿನಂಥ ಆಟದ ಎಲೆಗಳಿದ್ದವಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆ ಆಟದ ಮೇಲೆ ಎಷ್ಟು ಪ್ರೀತಿ ಅಂದರೆ ತಾವೇ ಹೊಸ ಹೊಸ ಆಟ ಕಟ್ಟಿದರು. ಕೆಲವು ಆಟದ ಎಲೆಗಳ ಸಂಖ್ಯೆ ಮುನ್ನೂರು ದಾಟುತ್ತಿತ್ತು. ದಶಾವತಾರ ಗಂಜೀಫಾದಲ್ಲಿ ಒಂದೊಂದು ಅವತಾರಕ್ಕೆ 12ರಂತೆ 120 ಎಲೆ. ಎಲ್ಲವನ್ನೂ ಕೈಯಲ್ಲೇ ಬರೆಯಬೇಕು. ರಘುಪತಿ ಭಟ್ಟರು ಆ ಕಲೆಗೆ ಮತ್ತೆ ಜೀವ ಕೊಟ್ಟದ್ದು ಮೈಸೂರಿನವರಿಗೆಲ್ಲಾ ಗೊತ್ತು. ಅದಕ್ಕೂ ಹಿಂದೆ, 1527ರಲ್ಲಿ, ಸಿಂಧ್‌ನ ಶಾ ಹಸನ್ ಆಸೆಪಟ್ಟು ಕೇಳಿದ ಅಂತ ಬಾಬರ್ ಅವನಿಗೆ ಗಂಜೀಫಾ ಎಲೆ ಕಳಿಸಿಕೊಟ್ಟದ್ದನ್ನು ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಅದೇ ಶತಮಾನದಲ್ಲಿ ಇಂಗ್ಲೆಂಡಿನ ನಿಕೊಲಸ್ ಹಿಲಿಯಾರ್ಡ್ ಸಣ್ಣ ಸಣ್ಣ ಮುಖಚಿತ್ರ ಬರೆಯುತ್ತಿದ್ದ. ತೆಳು ಚರ್ಮದ ಹಾಳೆ ಬಾಗಬಾರದು ಅಂತ ಅದರ ಹಿಂದೆ ಇಸ್ಪೀಟ್ ಎಲೆ ಅಂಟಿಸುತ್ತಿದ್ದ. ರಾಣಿಯ ಮುಖದ ಬೆನ್ನಿಗೆ ಇಸ್ಪೀಟ್ ಎಲೆ. ಕಾಗದದ ಕೆಲಸ ಮಾಡುವವರಿಗೆ ಇಂಥದ್ದು ಕೇಳಿದರೆ ಖುಷಿ ಆಗುತ್ತದೆ.

ಈಗ ನಮ್ಮ ಕೆಲಸಕ್ಕೆ ಬರುತ್ತೇನೆ. ಸಂತೆ ದಿನ ಮಧ್ಯಾಹ್ನದ ಮೇಲೆ ಮೆಷಿನ್ ನಿಲ್ಲಿಸಿ, ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಹತ್ತು ಹನ್ನೆರಡು ಜನ ಕೂರುತ್ತೇವೆ. ಅರ್ಧದಷ್ಟು ಮಕ್ಕಳು. ಉಳಿದವರಲ್ಲಿ ಒಬ್ಬರು ರಿಟೈರ್ ಆದ ನರ್ಸ್, ಒಬ್ಬ ಜೀಪ್ ಡ್ರೈವರ್, ಇಬ್ಬರು ಟೈಲರಿಂಗ್ ಮಾಡುವ ಅಕ್ಕತಂಗಿಯರು. ಟೈಲರ್ ಅಕ್ಕ ಸೀರೆಯ ಚೂರಿನಿಂದ ಕಾರ್ಡ್ ಮಾಡುತ್ತಾರೆ. ಡ್ರೈವರ್ ಬರೀ ರಸ್ತೆಯ ತಿರುವುಗಳನ್ನೇ ಬರೆಯುತ್ತಾನೆ. ಪ್ರತಿಯೊಂದರ ಹಿಂದೆ ಯಾವ ತಿರುವು ಅಂತ ಹೆಸರಿರುತ್ತದೆ. ಮನೆಯಲ್ಲಿ ಮಾಡುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಎ4 ಹಾಳೆಯಲ್ಲಿ ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು, ಒಟ್ಟು ಒಂಬತ್ತು ಕಾರ್ಡ್ ಬರುತ್ತದೆ. 22-30 ಇಂಚಿನ ದೊಡ್ಡ ಡ್ರಾಯಿಂಗ್ ಹಾಳೆಯಲ್ಲಿ ಸರಿಯಾಗಿ ಗೆರೆ ಹಾಕಿದರೆ 72 ಬರುತ್ತದೆ. ನೀರಿನ ಬಣ್ಣ ಹಾಕುವುದಾದರೆ 300 ಜಿಎಸ್‌ಎಂನ ದಪ್ಪ ಕಾಗದ ಬೇಕು. ತೆಳುವಾದದ್ದು ಬೇಡ.

ಕೊಡಗಿನ ಮಳೆಗಾಲದಲ್ಲಿ ಕಾಗದ ಇಟ್ಟುಕೊಳ್ಳುವ ಕಷ್ಟ ಕೊಡಗಿನವರಿಗೇ ಗೊತ್ತು. ಜೂನ್ ಬಂದರೆ ಕಾಗದ ಗಾಳಿಯಿಂದಲೇ ನೀರು ಕುಡಿಯುತ್ತದೆ. ಕಾರ್ಡ್ ಬಾಳೆಸುಳಿಯ ಹಾಗೆ ಸುತ್ತಿಕೊಳ್ಳುತ್ತದೆ. ಕಾಗದಕ್ಕೂ ಬಿದಿರಿನ ಹಾಗೆ ಎಳೆ ಇರುತ್ತದೆ. ಎಳೆ ಕಾರ್ಡಿನ ಉದ್ದಕ್ಕೆ ಬರುವ ಹಾಗೆ ಕತ್ತರಿಸಿದರೆ ಸುತ್ತಿಕೊಳ್ಳುವುದು ಕಡಿಮೆ. ಎಳೆ ಯಾವ ಕಡೆಗಿದೆ ಅಂತ ನೋಡುವುದು ಸುಲಭ. ಹಾಳೆಯನ್ನು ಎರಡೂ ಕಡೆಗೆ ಮೆಲ್ಲಗೆ ಬಗ್ಗಿಸಿ, ಯಾವ ಕಡೆಗೆ ಸಲೀಸಾಗಿ ಬಗ್ಗುತ್ತದೋ ಆ ಮಡಿಕೆಯ ಗೆರೆಯೇ ಎಳೆ. ಬಣ್ಣ ಒಣಗಿದ ಮೇಲೆ ಹಿಂಬದಿಗೆ ಒದ್ದೆ ಬಟ್ಟೆ ಸವರಿ, ಎರಡು ರೀಮ್ ಕಾಗದದ ಕೆಳಗೆ ಒಂದು ರಾತ್ರಿ ಇಟ್ಟರೆ ಮಟ್ಟಸ ಆಗುತ್ತದೆ. ನಾನು ಅಲಮಾರಿಯೊಳಗೆ 40 ವ್ಯಾಟ್‌ನ ಬಲ್ಬ್ ಉರಿಸಿಡುತ್ತೇನೆ. ಅಪ್ಪನೂ ಹಾಗೇ ಮಾಡುತ್ತಿದ್ದರು.

ನಮ್ಮ ಮಕ್ಕಳಿಗೆ ಕಾಫಿ ಡಿಕಾಕ್ಷನ್‌ನಲ್ಲಿ ಬಣ್ಣ ಹಾಕುವುದು ಇಷ್ಟ. ಮನೆಯಲ್ಲೇ ಸಿಗುತ್ತದೆ, ದುಡ್ಡಿಲ್ಲ. ಆದರೆ ಚಿಕೋರಿ ಬೆರೆತ ಪುಡಿ ಬೇಡ, ಕಾರ್ಡ್ ಅಂಟು ಅಂಟು ಆಗುತ್ತದೆ. ಮೊದಲ ವರ್ಷ ಒಬ್ಬ ಹುಡುಗ ಡಿಕಾಕ್ಷನ್‌ನಲ್ಲಿ ಇರ್ಪು ಜಲಪಾತ ಬರೆದಿದ್ದ. ಜುಲೈ ಮುಗಿಯುವಷ್ಟರಲ್ಲಿ ಅದರ ತುಂಬಾ ಬೂಷ್ಟು. ಅಲ್ಲಿಂದ ಡಿಕಾಕ್ಷನ್ ಕಾರ್ಡ್‌ಗಳನ್ನೆಲ್ಲಾ ಬೇಸಿಗೆಯಲ್ಲೇ ಮಾಡಿ, ಬಿಸಿಲಿಗೆ ಒಣಗಿಸಿ ಇಡುತ್ತೇವೆ.

ನಾನು ಹುಡುಕುತ್ತಿರುವ ಕಾರ್ಡ್ ಅಂಥದ್ದೇ. ಮಾಡಿದವಳು ಏಳನೇ ಕ್ಲಾಸಿನ ಹುಡುಗಿ. ಅವಳ ಅಮ್ಮ ತೋಟದ ಕೆಲಸಕ್ಕೆ ಹೋಗುತ್ತಾರೆ. ಸಂತೆ ಮುಗಿಸಿ ಅಮ್ಮ ಬರುವ ತನಕ ಅವಳು ನಮ್ಮ ಜೊತೆ ಕೂತಿರುತ್ತಾಳೆ. ಏಪ್ರಿಲ್‌ನಲ್ಲಿ ಅವಳು ಒಂದು ಬಸವನಹುಳು ಬರೆದಳು. ಕಾಫಿ ಎಲೆಯ ಮೇಲೆ ಹತ್ತುತ್ತಿರುವ ಬಸವನಹುಳು. ಚಿಪ್ಪಿನ ಸುರುಳಿಗೆ ಡಿಕಾಕ್ಷನ್ ಮೂರು ಸಲ ಹಚ್ಚಿದ್ದಳು, ಒಂದು ಒಣಗಿದ ಮೇಲೆ ಇನ್ನೊಂದು. ಹಾಗಾಗಿ ಸುರುಳಿ ಒಳಗೆ ಹೋದಷ್ಟೂ ಕಪ್ಪಾಗುತ್ತಾ ಹೋಗಿದೆ. ಎಲೆಯ ತುದಿಯಲ್ಲಿ ಒಂದು ನೀರಿನ ಹನಿ. ಆ ಹನಿಗೆ ಬಣ್ಣವನ್ನೇ ಹಾಕಿಲ್ಲ. ಕಾಗದವನ್ನು ಹಾಗೇ ಖಾಲಿ ಬಿಟ್ಟಿದ್ದಾಳೆ. ಸುತ್ತ ಹಸಿರು ತುಂಬಿದ್ದರಿಂದ ಅದು ಹೊಳೆಯುತ್ತದೆ. ಯಾರೂ ಹೇಳಿಕೊಟ್ಟದ್ದಲ್ಲ. ಐದು ವಾರ ಹಿಡಿಯಿತು. ಹಿಂದೆ ಹಸಿರು ಪೆನ್ನಿನಲ್ಲಿ ಹೆಸರು ಬರೆದು, 'ಒಂದೇ ಒಂದು' ಅಂತ ಕೆಳಗೆ ಗೆರೆ ಎಳೆದಿದ್ದಾಳೆ.

ಮೇಳ ನಡೆಸಿದವರು ನಮಗೂ ಒಂದು ಮೇಜು ಕೊಟ್ಟಿದ್ದರು. ನಾವು 43 ಕಾರ್ಡ್ ಇಟ್ಟೆವು. ಪಕ್ಕದಲ್ಲಿ ಖಾಲಿ ಕಾರ್ಡ್, ಬಣ್ಣದ ಪೆನ್ಸಿಲ್ ಇಟ್ಟೆವು, ಬಂದವರು ಅಲ್ಲೇ ಕೂತು ಮಾಡಲಿ ಅಂತ. 'ಬದಲಾಯಿಸಿಕೊಳ್ಳುವುದಕ್ಕೆ ಮಾತ್ರ' ಅಂತ ಬೋರ್ಡ್ ಅಚ್ಚು ಹಾಕಿ ನಿಲ್ಲಿಸಿದ್ದೆ. ಊಟದ ಹೊತ್ತಿಗೆ ನಾನು ಒಂದು ಮನೆಗೆ ಮದುವೆ ಕಾಗದ ತಲುಪಿಸಲು ಹೋಗಬೇಕಾಯಿತು. ವಾಪಸ್ ಬಂದಾಗ ಬೋರ್ಡ್ ತಿರುಗಿಸಿ, ಅದರ ಹಿಂದೆ 'ಒಂದಕ್ಕೆ 20 ರೂಪಾಯಿ' ಅಂತ ಸ್ಕೆಚ್ ಪೆನ್‌ನಲ್ಲಿ ಬರೆದಿದ್ದರು. 26 ಕಾರ್ಡ್ ಹೋಗಿತ್ತು. ಮೇಜಿನ ಹತ್ತಿರ ಇದ್ದ ಸ್ವಯಂಸೇವಕ ಹುಡುಗ 520 ರೂಪಾಯಿಯನ್ನು ಲೆಕ್ಕ ಹಾಕಿ ನನ್ನ ಕೈಗೆ ಕೊಟ್ಟ. ಮಕ್ಕಳಿಗೆ ನೋಟ್‌ಬುಕ್‌ಗೆ ಆಗಲಿ ಅಂತ ಹಾಗೆ ಮಾಡಿದನಂತೆ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ಮೇಜು ಬಿಟ್ಟು ಹೋದ ನನ್ನದೂ ತಪ್ಪಿದೆ.

ಸ್ವಲ್ಪ ಹೊತ್ತಿಗೆ ಆ ಹುಡುಗಿ ಬಂದಳು. ಕೈಯಲ್ಲಿ ಒಂಬತ್ತು ಕಿಸೆಯ ಹಾಳೆ. ಎಂಟು ತುಂಬಿತ್ತು. ಒಂಬತ್ತನೆಯದನ್ನು ಬಸವನಹುಳುವಿನ ಬದಲಿಗೆ ಬರುವ ಕಾರ್ಡ್‌ಗೆ ಅಂತ ಖಾಲಿ ಇಟ್ಟುಕೊಂಡಿದ್ದಳು. ಮೇಜಿನ ಮೇಲೆಲ್ಲಾ ಹುಡುಕಿದಳು. ಆಮೇಲೆ, "ಯಾರು ತಗೊಂಡ್ರು ಮಾಮ?" ಅಂದಳು. ನನಗೆ ಗೊತ್ತಿರಲಿಲ್ಲ. ಆ ಹುಡುಗನಿಗೂ ನೆನಪಿರಲಿಲ್ಲ. "ಅವರಿಗೆ ಇಷ್ಟ ಆಯ್ತಂತಾ?" ಅಂತ ಇನ್ನೊಂದು ಸಲ ಕೇಳಿದಳು. ಅದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳ ಪಾಲಿನ 20 ರೂಪಾಯಿ ಕೊಟ್ಟೆ. ಅವಳು ನೋಟನ್ನು ಎರಡು ಮಡಿಕೆ ಮಾಡಿ ಒಂಬತ್ತನೇ ಕಿಸೆಗೆ ಹಾಕಿದಳು. ಮಡಿಸಿದ ನೋಟು ಅದರಲ್ಲಿ ಸರಿಯಾಗಿ ಕೂತಿತು.

ಚಿತ್ರ ಮಾರುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಚಿತ್ರ ಮಾರಿ ಬದುಕುವವರ ಬಗ್ಗೆ ನನಗೆ ತುಂಬಾ ಗೌರವ ಇದೆ. ನಾನೂ ಅಚ್ಚು ಹಾಕಿ ದುಡ್ಡು ತಗೊಳ್ಳುವವನೇ. ಇದೇ ಅಳತೆಯಲ್ಲಿ ಮಾರಾಟಕ್ಕೆ ಅಂತಲೇ ಕಾರ್ಡ್ ಮಾಡುವವರೂ ಇದ್ದಾರೆ. ಅವರು ಅದಕ್ಕೆ ಎಸಿಇಒ (ಆರ್ಟ್ ಕಾರ್ಡ್ಸ್, ಎಡಿಷನ್ಸ್ ಅಂಡ್ ಒರಿಜಿನಲ್ಸ್) ಅಂತ ಬೇರೆ ಹೆಸರೇ ಇಟ್ಟುಕೊಂಡಿದ್ದಾರೆ, ಗೊಂದಲ ಬೇಡ ಅಂತ. ಆದರೆ ಬದಲಿ ಕಾರ್ಡ್ ಬೇರೆ. ನಮ್ಮ ಕಡೆ ನಾಟಿಗೆ ಮುಯ್ಯಾಳು ಅಂತ ಇತ್ತು. ಇವತ್ತು ನಾವು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮ ಗದ್ದೆಗೆ. ನನ್ನ ಅಜ್ಜಿಗೆ ಯಾವ ವರ್ಷ ಯಾರ ಮನೆಯಿಂದ ಎಷ್ಟು ಜನ ನಾಟಿಗೆ ಬಂದಿದ್ದರು ಅಂತ ಸಾಯುವ ತನಕ ನೆನಪಿತ್ತು. ಕೂಲಿ ಕೊಟ್ಟು ಕರೆಸಿದ ವರ್ಷಗಳ ನೆನಪು ಅವಳಿಗೆ ಇರಲಿಲ್ಲ. ಕಾರ್ಡ್ ಬದಲಾಯಿಸಿದಾಗಲೂ ಹಾಗೇ. ನನ್ನ ಹತ್ತಿರ ಈಗ 61 ಕಾರ್ಡ್ ಇದೆ. ಒಂದೊಂದೂ ಯಾರದ್ದು, ಯಾವ ದಿನ ಬಂತು, ಬದಲಿಗೆ ನಾನು ಏನು ಕೊಟ್ಟೆ ಅಂತ ಪುಸ್ತಕ ನೋಡದೆ ಹೇಳುತ್ತೇನೆ.

ಹಾಗಾಗಿ ಎರಡು ಕೇಳಿಕೆ. ಮುಂದೆ ಶಾಲೆ, ಲೈಬ್ರರಿ, ಮೇಳ ಎಲ್ಲೇ ಆಗಲಿ, ಮಕ್ಕಳಿಂದ ಇಂಥ ಕಾರ್ಡ್ ಮಾಡಿಸಿದರೆ ದರ ಹಾಕಬೇಡಿ. ಮೊದಲ ಬಹುಮಾನ, ಎರಡನೇ ಬಹುಮಾನ ಅಂತಲೂ ಮಾಡಬೇಡಿ. ಒಂದು ಮೇಜು, ಖಾಲಿ ಕಾರ್ಡ್, ಪೆನ್ಸಿಲ್ ಇಟ್ಟರೆ ಸಾಕು. ಕಾರ್ಡ್ ಮಾಡಲು ದಪ್ಪ ಕಾಗದ ಬೇಕಾದ ಶಾಲೆಯವರಿಗೆ ನನ್ನ ಪ್ರೆಸ್ಸಿನಿಂದ ಅಳತೆಗೆ ಕತ್ತರಿಸಿ ಕೊಡುತ್ತೇನೆ, ದುಡ್ಡು ಬೇಡ.

ಇನ್ನೊಂದು ಕೇಳಿಕೆ ಬಸವನಹುಳುವಿನ ಕಾರ್ಡ್ ಕೊಂಡವರಿಗೆ. ನೀವು ತಪ್ಪು ಮಾಡಿಲ್ಲ. ಕೇಳಿದ ದುಡ್ಡು ಕೊಟ್ಟು ತಗೊಂಡಿದ್ದೀರಿ. ಕಾರ್ಡ್ ನಿಮ್ಮ ಹತ್ತಿರವೇ ಇರಲಿ, ವಾಪಸ್ ಬೇಡ. ಮಳೆ ಹಿಡಿದಿದೆ, ಅದನ್ನು ಗೋಡೆಗೆ ಅಂಟಿಸಬೇಡಿ, ಅಡುಗೆಮನೆಯ ಬೆಚ್ಚಗಿನ ಕಡೆ ಡಬ್ಬಿಯಲ್ಲಿ ಇಡಿ. ಬದಲಿಗೆ ನಿಮ್ಮ ಕೈಯಿಂದ ಒಂದು ಕಾರ್ಡ್ ಮಾಡಿ ಕೊಡಿ. ಚಿತ್ರ ಬರದಿದ್ದರೂ ಪರವಾಗಿಲ್ಲ. ನಿಮ್ಮ ಮನೆಯ ಕಿಟಕಿ ಬರೆಯಿರಿ, ಅಂಗಳದ ಎಲೆಯೊಂದನ್ನು ಅಂಟಿಸಿ, ನಿಮ್ಮ ಹೆಸರನ್ನೇ ಬಣ್ಣದಲ್ಲಿ ಬರೆದು ಕೊಡಿ. ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. ಹಿಂದೆ ನಿಮ್ಮ ಊರು ಬರೆಯಿರಿ. ಆ ಬಸವನಹುಳು ನಿಮಗೆ ಯಾಕೆ ಇಷ್ಟ ಆಯಿತು ಅಂತಲೂ ಒಂದು ಸಾಲು ಬರೆಯಿರಿ. ನನ್ನ ವಿಳಾಸ ಸಂಪಾದಕರ ಹತ್ತಿರ ಇದೆ. ಪತ್ರಿಕೆಯ ಕಚೇರಿಗೆ ತಲುಪಿಸಿದರೂ ನನಗೆ ಬರುತ್ತದೆ.

20ರ ನೋಟು ಇನ್ನೂ ಅದೇ ಕಿಸೆಯಲ್ಲಿದೆ. ಕಾರ್ಡ್ ಬಂದ ದಿನ ಅದನ್ನು ತೆಗೆದು ನಿಮಗೇ ವಾಪಸ್ ಕೊಡುತ್ತಾಳಂತೆ.

ಇಂತಿ ನಿಮ್ಮ ಓದುಗ,
ಪ್ರೆಸ್ಸಿನವನು, ಗೋಣಿಕೊಪ್ಪಲು